ಒಂದೂ ತೂತು ಕೊರೆಯದೆ ಸೆಮಿ-ಹಾಲೋ ಗಿಟಾರ್‌ಗೆ ಬಿಗ್ಸ್‌ಬಿ: ನನ್ನ ಅನುಭವ

ಈ ಸಲದ ಗಣಪತಿ ಸೀಸನ್ ಪೂರ್ತಿ ನಾನು ಒಂದೇ ಗಿಟಾರ್ ನುಡಿಸಿದೆ. ಸೆಮಿ-ಹಾಲೋ (ಅರ್ಧ ಟೊಳ್ಳು), ಬಿಗ್ಸ್‌ಬಿ (ತೋಳು ಒತ್ತಿ ತಂತಿಗಳ ಸ್ವರ ಅಲುಗಾಡಿಸುವ ವೈಬ್ರೇಟೊ) ಹಾಕಿದ್ದು, ಪಿಕಪ್ (ತಂತಿಯ ಕಂಪನವನ್ನು ಕರೆಂಟ್ ಮಾಡುವ ಸುರುಳಿ) ಬದಲಿಸಿದ್ದು. ಹಾಡಿನ ಮಧ್ಯೆ ಟ್ಯೂನ್ ಮಾಡುವ ಪ್ರಸಂಗ ಬರಲೇ ಇಲ್ಲ. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಯಾಕಂದ್ರೆ ಕೆಲಸ ಶುರು ಮಾಡಿದಾಗ ಬೆಳಗಾವಿಯಲ್ಲಿ ನನಗೆ ಗೊತ್ತಿರುವ ಒಬ್ಬ ಗಿಟಾರಿಸ್ಟೂ ಇದು ಆಗುತ್ತೆ ಅಂದಿರಲಿಲ್ಲ. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವರಂತೂ ನೇರವಾಗಿ ಹೇಳಿದ್ದರು: "ಬಿಗ್ಸ್‌ಬಿ ಹಾಕಿದ್ರ ಮೊದಲ್ನೇ ಹಾಡಿಗೇ ಟ್ಯೂನ್ ಹೋಗ್ತೈತಿ. ಸುಮ್ನ ಛಲೋ ಗಿಟಾರ್ ಹಾಳ್ ಮಾಡ್ಕೋಬ್ಯಾಡ." ಗೋವಾದಿಂದ ನುಡಿಸಲು ಬರುವ ಗೆಳೆಯನೊಬ್ಬ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಖದಲ್ಲಿ ಸ್ಕ್ರೂ ಕೊರೆಯದೆ ಹಾಕಿದರೆ ತಂತಿಯ ಎಳೆತಕ್ಕೆ ಎದ್ದು ಬರುತ್ತೆ ಅಂದ.

ಗಿಟಾರ್ 335 ಮಾದರಿಯದು. ಸೆಕೆಂಡ್‌ಹ್ಯಾಂಡ್ ತಗೊಂಡಿದ್ದೆ, ಸುಮಾರು 22 ಸಾವಿರಕ್ಕೆ. ಗಿಬ್ಸನ್ 1958ರಲ್ಲಿ ತಂದ ಆ ವಿನ್ಯಾಸ ನಿಮಗೆ ಗೊತ್ತೇ ಇದೆ, ಮಧ್ಯೆ ಮರದ ಗಟ್ಟಿ ಬ್ಲಾಕ್, ಎರಡೂ ಕಡೆ ಟೊಳ್ಳು. ನನ್ನ ಇಡೀ ಲೆಕ್ಕಾಚಾರ ನಿಂತದ್ದು ಆ ಬ್ಲಾಕಿನ ಮೇಲೆ. 10ರ ಸೆಟ್ ತಂತಿ (ಅತಿ ಸಣ್ಣ ತಂತಿ 0.010 ಇಂಚು) ಹಾಕಿದರೆ ಒಟ್ಟು ಎಳೆತ ಸುಮಾರು 45 ಕೆಜಿ. ಕಂಪನಿಯಿಂದ ಬಂದ ಸ್ಟಾಪ್‌ಬಾರ್ (ತಂತಿಗಳ ಹಿಂತುದಿ ಸಿಕ್ಕಿಸುವ ಪಟ್ಟಿ) ಅಷ್ಟೂ ಎಳೆತವನ್ನು ಬ್ಲಾಕಿಗೆ ಬಡಿದ ಎರಡು ಬುಷ್‌ಗಳ (ಸ್ಕ್ರೂ ಕೂರುವ ಲೋಹದ ಕೊಳವೆ) ಮೇಲೇ ಹೊರುತ್ತಿತ್ತು. ಅವೇ ಎರಡು ಬುಷ್‌ಗಳಿಗೆ ಒಂದು ಪ್ಲೇಟ್ ಬಿಗಿದು, ಪ್ಲೇಟಿನ ಮೇಲೆ ವೈಬ್ರೇಟೊ ಕೂರಿಸಿದರೆ ಹೊಸದಾಗಿ ಏನು ಭಾರ ಬಿತ್ತು? ವೈಬ್ರೇಟೊದ ಹಿಂದಿನ ಹಿಂಜ್‌ಗೆ, ಹೆಗಲ ಪಟ್ಟಿ ಸಿಕ್ಕಿಸುವ ಸ್ಟ್ರ್ಯಾಪ್ ಬಟನ್ ತೂತೇ ಸಾಕು, ಸ್ಕ್ರೂ ಮಾತ್ರ ಉದ್ದದ್ದು ಬೇಕು.

ಹೀಗೆ ಕೂರಿಸಲಿಕ್ಕೆ ವೈಬ್ರಾಮೇಟ್ ಅಂತ ರೆಡಿ ಕಿಟ್ ಸಿಗುತ್ತೆ. ವಿಚಾರಿಸಿದೆ. ಸುಂಕ, ಕೊರಿಯರ್ ಎಲ್ಲ ಸೇರಿ 9-10 ಸಾವಿರದ ಹತ್ತಿರ ಹೋಗುತ್ತಿತ್ತು. ವೈಬ್ರೇಟೊಗೇ 14 ಸಾವಿರ ಕೊಟ್ಟು ಕೂತಿದ್ದೆ, ಅದು ಬಿಗ್ಸ್‌ಬಿ ಬಿ70. ಒಂದು ಪ್ಲೇಟಿಗೆ ಮತ್ತೆ ಅಷ್ಟು ಕೊಡುವ ಮನಸ್ಸಾಗಲಿಲ್ಲ. ನಮ್ಮೂರಲ್ಲಿ ಉದ್ಯಮಬಾಗ್ ಇರುವಾಗ ಯಾಕೆ ಕೊಡಬೇಕು, ಅಲ್ವಾ? ಹೈಡ್ರಾಲಿಕ್ ಬಿಡಿಭಾಗ ಮಾಡುವ ಲೇಥ್‌ಗಳು ಅಲ್ಲಿ ಸಾಲುಸಾಲಾಗಿವೆ. ಪರಿಚಯದ ಮಿಸ್ತ್ರಿ ಒಬ್ಬರ ಹತ್ತಿರ ರಟ್ಟಿನಲ್ಲಿ ಕತ್ತರಿಸಿದ ನಮೂನೆ ತಗೊಂಡು ಹೋದೆ. ಅವರು ಗಿಟಾರ್ ಏನು, ಎತ್ತ ಅಂತ ಕೇಳಲೇ ಇಲ್ಲ. ವರ್ನಿಯರ್ ಕೈಗೆತ್ತಿಕೊಂಡು ಕೇಳಿದ್ದು ಒಂದೇ ಮಾತು: "ಟಾಲರೆನ್ಸ್ ಎಷ್ಟ ಬೇಕ ಹೇಳ್ರಿ." ಬುಷ್‌ನಿಂದ ಬುಷ್‌ಗೆ 82 ಮಿಮೀ ಚಿಲ್ಲರೆ. ಅಷ್ಟು ಹೇಳಿದೆ, ಉಳಿದದ್ದು ಅವರೇ ನೋಡಿಕೊಂಡರು.

ಮೊದಲ ಪ್ಲೇಟ್ ಅಲ್ಯೂಮಿನಿಯಂ, 5 ಮಿಮೀ. ಗಟ್ಟಿಮುಟ್ಟಾಗಿತ್ತು, ಆದರೆ ವೈಬ್ರೇಟೊ ಮುಂದಿನಿಂದ ತುಂಬಾ ಎತ್ತರಕ್ಕೆ ಬಂತು. ತಂತಿ ಬ್ರಿಡ್ಜ್ (ಮೈಮೇಲೆ ತಂತಿ ಹೊತ್ತ ಕುದುರೆ) ಮೇಲೆ ಹಾದು ಹೋಗುವ ಕೋನ ಸಪಾಟಾಯಿತು. ದಪ್ಪ ಇ ತಂತಿಯನ್ನು ಸ್ವಲ್ಪ ಬಿರುಸಾಗಿ ಹೊಡೆದರೆ ಜಾಗ ಬಿಟ್ಟು ಜಿಗಿಯುತ್ತಿತ್ತು. ಎರಡನೆಯದನ್ನು 3 ಮಿಮೀ ಹಿತ್ತಾಳೆಯಲ್ಲಿ ಮಾಡಿಸಿದೆ. ಇಲ್ಲಿ ಒಂದು ಲಾಭ ಸಿಕ್ಕಿತು, ಅದನ್ನು ಯಾರೂ ಮೊದಲು ಹೇಳಿರಲಿಲ್ಲ. ನನ್ನ ಬಿ70 ಸೇರಿ ಬಿ7 ಜಾತಿಯ ವೈಬ್ರೇಟೊಗಳಲ್ಲಿ ಟೆನ್ಷನ್ ಬಾರ್ ಅನ್ನುವ ಅಡ್ಡ ದಂಡ ತಂತಿಗಳನ್ನು ಕೆಳಕ್ಕೆ ಒತ್ತಿ ಹಿಡಿಯುತ್ತೆ, ಬ್ರಿಡ್ಜ್ ಮೇಲೆ ಕೋನ ಕಡಿದಾಗುತ್ತೆ, ಕೋನ ಕಡಿದಾದಷ್ಟೂ ಉಜ್ಜಾಟ ಜಾಸ್ತಿ, ಉಜ್ಜಾಟ ಜಾಸ್ತಿಯಾದಷ್ಟೂ ತಂತಿ ವಾಪಸ್ ತನ್ನ ಜಾಗಕ್ಕೆ ಬರುವುದಿಲ್ಲ. 3 ಮಿಮೀ ಪ್ಲೇಟ್ ಬಾರನ್ನು ಅಷ್ಟೇ ಎತ್ತಿ ಆ ಕೋನವನ್ನು ಬೇಕಾದಷ್ಟೇ ಇಳಿಸಿತು. ಪ್ಲೇಟಿನ ಹಿಂಬದಿಗೆ ಒಂದು ಸಣ್ಣ ಬಗ್ಗು ಕೊಡಿಸಿದ್ದೇನೆ. ಎಷ್ಟು ಡಿಗ್ರಿ, ಎಲ್ಲಿಂದ ಅನ್ನೋದು ನನ್ನ ಮತ್ತು ಮಿಸ್ತ್ರಿಯ ನಡುವೆಯೇ ಇರಲಿ. ಎರಡೂ ಪ್ಲೇಟ್ ಸೇರಿ ಖರ್ಚು 1,400 ರೂಪಾಯಿಯ ಆಸುಪಾಸು.

ಆಂಪ್ ಹಚ್ಚಿದರೆ ಗುಂಯ್ ಅಂತ ಹಮ್. ಕೈ ತಂತಿಯ ಮೇಲಿದ್ದರೂ ನಿಲ್ಲಲಿಲ್ಲ. ಕಂಪನಿಯ ಗ್ರೌಂಡ್ ವೈರ್ ಬುಷ್‌ವರೆಗೆ ಬರುತ್ತೆ, ಅಲ್ಲಿಂದ ತಂತಿಗೆ ಮುಟ್ಟಬೇಕು. ಮಿಸ್ತ್ರಿ ಪ್ರೀತಿಯಿಂದ ಪ್ಲೇಟಿಗೆ ಲ್ಯಾಕರ್ ಹೊಡೆದು ಕೊಟ್ಟಿದ್ದರು, ಕರೆಂಟ್ ದಾರಿ ಅಲ್ಲೇ ಕಟ್. ಬೋಲ್ಟ್ ಕೂರುವ ಜಾಗ ಮತ್ತು ವೈಬ್ರೇಟೊ ತಾಗುವ ಜಾಗ ಎರಡನ್ನೂ ಪಾಲಿಶ್ ಪೇಪರ್‌ನಿಂದ ಬರಿ ಲೋಹ ಕಾಣುವಂತೆ ಉಜ್ಜಿದೆ. ಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಜ್ಯಾಕಿನ ಹೊರಮೈಗೆ. ಬೀಪ್ ಬಂತು, ಹಮ್ ಹೋಯಿತು.

ಈಗ ಟ್ಯೂನ್ ವಿಷಯ. ಟ್ಯೂನ್ ಹೋಗೋದು ಬಿಗ್ಸ್‌ಬಿಯಿಂದ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಿಗ್ಸ್‌ಬಿ ಒಂದು ಸ್ಪ್ರಿಂಗ್, ಒಂದು ದಂಡ, ಅಷ್ಟೇ. ಹೋಗೋದು ನಟ್‌ನಲ್ಲಿ (ಕತ್ತಿನ ತುದಿಯಲ್ಲಿ ತಂತಿ ಕೂರುವ ಸಂದುಗಳ ಪಟ್ಟಿ), ಆಮೇಲೆ ಬ್ರಿಡ್ಜ್‌ನಲ್ಲಿ. ಎರಡೂ ಕಡೆ ಮೂರು-ಮೂರು ಕಿವಿಯ (ಟ್ಯೂನ್ ಮಾಡುವ ಬಿರಡೆ) ಈ ಹೆಡ್‌ಸ್ಟಾಕ್‌ನಲ್ಲಿ ಡಿ ಮತ್ತು ಜಿ ತಂತಿಗಳು ನಟ್ ದಾಟಿದ ಕೂಡಲೇ ಪಕ್ಕಕ್ಕೆ ತಿರುಗುತ್ತವೆ. ತೋಳು ಒತ್ತಿ ಬಿಟ್ಟರೆ ಜಿ ತಂತಿ ಸಂದಿನಲ್ಲಿ ಸಿಕ್ಕಿಕೊಂಡು "ಟಿಂಕ್" ಅನ್ನುತ್ತಿತ್ತು. ಆ ಸದ್ದು ಬಂತು ಅಂದ್ರೆ ಸ್ವರ ಏರಿ ನಿಂತಿದೆ ಅಂತಲೇ ಅರ್ಥ. ಪೆನ್ಸಿಲ್ ಪುಡಿ ಹಾಕಿದೆ, ಒಂದೆರಡು ಹಾಡು ತಡೆಯಿತು, ಮತ್ತೆ ಅದೇ ಕಥೆ. ಆನ್‌ಲೈನ್‌ನಲ್ಲಿ ಸಿಗುವ ಗ್ರಾಫೈಟ್ ನಟ್ ತರಿಸಿದೆ. ಸಂದುಗಳ ಅಂತರ ನನ್ನ ಕತ್ತಿಗೆ ಹೊಂದಲಿಲ್ಲ, ಸಣ್ಣ ಇ ತಂತಿ ಅಂಚಿಗೆ ಜಾರುತ್ತಿತ್ತು.

ಕೊನೆಗೆ ಮಿರಜ್‌ಗೆ ರೈಲು ಹತ್ತಿದೆ. ಸಿತಾರ್, ತಂಬೂರಿ ಮಾಡುವ ಊರು, 2024ರಲ್ಲಿ ಜಿಐ ಟ್ಯಾಗೂ ಸಿಕ್ಕಿದೆ. ಮೂಳೆ, ಕೊಂಬು ಉಜ್ಜಿ ಜವಾರಿ, ಅಂದ್ರೆ ತಂತಿಯ ಗುಂಯ್ ನಾದ, ತರುವ ಕೈಗಳಿಗೆ ಗಿಟಾರ್ ನಟ್ ಏನು ಕಷ್ಟ ಅನ್ನೋದು ನನ್ನ ಲೆಕ್ಕ. ಇದಕ್ಕೂ ನಕ್ಕವರಿದ್ದರು. ಅಲ್ಲಿನ ವಯಸ್ಸಾದ ಕಾರೀಗರರೊಬ್ಬರು ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು, ತೋಳು ಒತ್ತಿ ಬಿಟ್ಟು, ಕಿವಿಯನ್ನು ನಟ್ ಹತ್ತಿರ ತಂದು ಕೇಳಿದರು. ನಾನು "ಕಾಕಾ, ಇದರಾಗ ಜವಾರಿ ಬ್ಯಾಡ್ರಿ, ತಂತಿ ಸ್ವಚ್ಛ ಬಿಡಬೇಕು" ಅಂದೆ. ಅವರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ತಂತಿಗೆ ಗುಂಯ್‌ಗುಡುವ ಅಂಚು ಕೊಡೋದು ಗೊತ್ತಿದ್ದವನಿಗೆ ಅದನ್ನು ತೆಗೆಯೋದೂ ಗೊತ್ತಿರುತ್ತೆ ಅಂದರು. 43 ಮಿಮೀ ಅಗಲದ ಮೂಳೆ ತುಂಡು. ಪ್ರತಿ ಸಂದಿನ ತಳವನ್ನು ದುಂಡಗೆ ಮಾಡಿದರು, ಕಿವಿಯ ಕಡೆಗೆ ಇಳಿಜಾರು ಕೊಟ್ಟರು, ಡಿ-ಜಿ ಸಂದುಗಳ ಹಿಂಬಾಯಿಯನ್ನು ತಂತಿ ತಿರುಗುವ ದಿಕ್ಕಿಗೇ ಸ್ವಲ್ಪ ಅಗಲ ಮಾಡಿದರು. ಕಣ್ಣಿಗೆ ಕಾಣದಷ್ಟು ಉಜ್ಜುವುದು, ತಂತಿ ಇಡುವುದು, ತೋಳು ಒತ್ತುವುದು, ಮತ್ತೆ ಉಜ್ಜುವುದು. ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದರು. ಕೊಟ್ಟದ್ದು 800 ರೂಪಾಯಿ, ಅದನ್ನೂ ನಾನೇ ಒತ್ತಾಯ ಮಾಡಿ ಕೊಟ್ಟೆ. ಆ ದಿನದಿಂದ "ಟಿಂಕ್" ಇಲ್ಲ. ಸಂದಿಗೆ ಸವರುವ ಎಣ್ಣೆಯ ಮಿಶ್ರಣ ನಂದೇ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಬ್ರಿಡ್ಜ್ ಬೇಗ ಮುಗಿಯಿತು. ತಂತಿ ಕೂರುವಲ್ಲಿ ಉರುಳುವ ಗಾಲಿ ಇರುವ ರೋಲರ್ ಬ್ರಿಡ್ಜ್ ಹಾಕಿದೆ. ಮೊದಲು ಬಂದದ್ದರ ರೋಲರ್‌ಗಳು ಸಡಿಲ, ಎ ತಂತಿ ಹೊಡೆದರೆ ಝರ್ ಅನ್ನುತ್ತಿತ್ತು. ಸ್ವಲ್ಪ ದುಬಾರಿಯದು ತಂದೆ, ಎರಡೂವರೆ ಸಾವಿರದ ಹತ್ತಿರ, ಸರಿಹೋಯಿತು.

ಪಿಕಪ್‌ನಲ್ಲಿ ಮಾತ್ರ ದುಡ್ಡು ಸುಟ್ಟಿತು. ಗಿಟಾರ್ ಜೊತೆ ಬಂದ ಪಿಕಪ್‌ಗಳಲ್ಲಿ ನೆಕ್ (ಕತ್ತಿನ) ಕಡೆ ದಪ್ಪ ತಂತಿ ಎರಡು ಕೂಡಿಸಿ ನುಡಿಸಿದರೆ ಯಾವ ಸ್ವರ ಅಂತಲೇ ತಿಳಿಯುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಸೇಮೂರ್ ಡಂಕನ್ '59 ಸೆಟ್, ಆಲ್ನಿಕೊ 5 ಮ್ಯಾಗ್ನೆಟ್, ಹಳೇ ಪಿಎಎಫ್ (ಗಿಬ್ಸನ್‌ನ 50ರ ದಶಕದ ಪಿಕಪ್) ಅಳತೆಯ ತಂತಿ ಸುತ್ತು. ಆನ್‌ಲೈನ್ ಮಾರಾಟಗಾರನೊಬ್ಬ 9 ಸಾವಿರಕ್ಕೆ ಕೊಡ್ತೀನಿ ಅಂದ. ಪೆಟ್ಟಿಗೆ ಅದೇ, ಸ್ಟಿಕ್ಕರ್ ಅದೇ. ಮೀಟರ್ ಹಚ್ಚಿದರೆ ಬ್ರಿಡ್ಜ್ ಪಿಕಪ್ 14 ಕಿಲೋ ಓಮ್ ತೋರಿಸಿತು. ಆ ಮಾಡೆಲ್‌ನಲ್ಲಿ ಅದು 8ರ ಆಸುಪಾಸು ಇರಬೇಕು, ನೆಕ್ ಏಳೂವರೆ. ಬಿಚ್ಚಿ ನೋಡಿದರೆ ಒಳಗೆ ಸೆರಾಮಿಕ್ ಮ್ಯಾಗ್ನೆಟ್, ಶುದ್ಧ ನಕಲಿ. ಫೋನ್ ಎತ್ತುವುದನ್ನೇ ಬಿಟ್ಟುಬಿಟ್ಟ, ದುಡ್ಡು ವಾಪಸ್ ಬರಲಿಲ್ಲ. ಇನ್ನೂ ಸಿಟ್ಟಿದೆ ನನಗೆ. ಪಿಕಪ್ ಬಂದ ತಕ್ಷಣ, ಬೆಸುಗೆ ಹಾಕುವ ಮೊದಲೇ, ದಯವಿಟ್ಟು ಮೀಟರ್ ಹಚ್ಚಿ ನೋಡಿ. ಆಮೇಲೆ ದುಬೈನಿಂದ ಊರಿಗೆ ಬರುತ್ತಿದ್ದ ಮಾವನ ಮಗನ ಕೈಯಲ್ಲಿ ಅಸಲಿ ಸೆಟ್ ತರಿಸಿದೆ, ಸುಮಾರು 19 ಸಾವಿರ. ಈಗ ನೆಕ್ ಪಿಕಪ್‌ನಲ್ಲಿ ಪೂರ್ತಿ ಆರು ತಂತಿಯ ಕಾರ್ಡ್ ಹಿಡಿದರೂ ಒಂದೊಂದು ಸ್ವರ ಬೇರೆಬೇರೆಯಾಗಿ ಕೇಳುತ್ತೆ.

ವೈರಿಂಗ್ ಎಲ್ಲ ಎಫ್-ಹೋಲ್ (ಮುಖದ ಮೇಲಿನ ಎಫ್ ಆಕಾರದ ಕಿಂಡಿ) ಮೂಲಕವೇ ಹೋಗಬೇಕು, ಸೆಮಿ-ಹಾಲೋ ಬಿಚ್ಚಲು ಜನ ಹೆದರೋದೇ ಇದಕ್ಕೆ. ದೊಡ್ಡ 24 ಮಿಮೀ ಪಾಟ್‌ಗಳ (ವಾಲ್ಯೂಮ್, ಟೋನ್ ತಿರುಗಿಸುವ ಕಂಟ್ರೋಲ್) ಆಸೆ ನನಗೂ ಇತ್ತು. ಆದರೆ ಅವುಗಳ ಕತ್ತು 9.5 ಮಿಮೀ, ಗಿಟಾರ್ ತೂತು ಅದಕ್ಕಿಂತ ಸಣ್ಣದು, ಕೊರೆದು ಹಿಗ್ಗಿಸಬೇಕಾಗುತ್ತಿತ್ತು. ಕೊರೆಯೋದಿಲ್ಲ ಅಂತ ಹಟ ಹಿಡಿದ ಮೇಲೆ ಮುಗಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 500 ಕಿಲೋ ಓಮ್‌ನ ಸಣ್ಣ ಪಾಟ್ ಹತ್ತಾರು ತಂದೆ, ಅಳೆದು ಒಳ್ಳೇ ನಾಲ್ಕು ಆರಿಸಿದೆ. 430ರಿಂದ 550ರವರೆಗೆ ಏನೇನೋ ಇದ್ದವು. ಅಲ್ಲಿ ಕೇಳುವಾಗ ಎ ಅಕ್ಷರದ ಆಡಿಯೋ ಟೇಪರ್ (ತಿರುಗಿಸಿದಂತೆ ದನಿ ಕಿವಿಗೆ ಸಮವಾಗಿ ಏರುವುದು) ಅಂತಲೇ ಒತ್ತಿ ಕೇಳಿ, ಇಲ್ಲಾಂದ್ರೆ ಬಿ ಅಕ್ಷರದ ಲೀನಿಯರ್ ಕೈಗೆ ಕೊಟ್ಟು ಕಳಿಸುತ್ತಾರೆ.

ರಟ್ಟಿನ ಮೇಲೆ ಗಿಟಾರ್‌ನ ನಾಲ್ಕು ತೂತು ಗುರುತು ಮಾಡಿ, ಪಾಟ್‌ಗಳನ್ನು ಅದರಲ್ಲೇ ನಿಲ್ಲಿಸಿ ಬೆಸುಗೆ ಹಾಕಿದೆ. ಪಿಕಪ್ ವೈರ್‌ಗಳನ್ನು ಎಫ್-ಹೋಲ್‌ನಿಂದ ಹೊರಗೆ ಎಳೆದುಕೊಂಡು ಹೊರಗೇ ಜೋಡಿಸಿದೆ. ಒಂದೊಂದು ಪಾಟಿಗೂ ಹೀಟ್‌ಶ್ರಿಂಕ್ ಹೊದಿಸಿದೆ, ಒಳಗೆ ಒಂದಕ್ಕೊಂದು ತಾಗಿ ಶಾರ್ಟ್ ಆಗಬಾರದು. ಒಳಗೆ ಎಳೆಯೋಕೆ ಮೊದಲು ದಾರ ಕಟ್ಟಿದೆ, ಜಾರಿ ಜಾರಿ ತಲೆ ಕೆಟ್ಟುಹೋಯಿತು. ಆಮೇಲೆ ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಿಲಿಕಾನ್ ಪೈಪ್ ತಂದೆ. ಪಾಟ್ ತೂತಿನಿಂದ ಪೈಪ್ ಇಳಿಸಿ, ಎಫ್-ಹೋಲ್‌ನಿಂದ ಹೊರಗೆ ತೆಗೆದು, ಪಾಟ್‌ನ ಕಡ್ಡಿಗೆ ಒತ್ತಿ ಸಿಕ್ಕಿಸಿ ಮೆಲ್ಲಗೆ ಎಳೆದರೆ ಪಾಟ್ ತಾನಾಗೇ ತೂತಿನಲ್ಲಿ ತಲೆ ಎತ್ತುತ್ತೆ. ದೂರದ ಪಾಟ್ ಮೊದಲು, ಜ್ಯಾಕ್ ಕೊನೆಗೆ. 50ರ ದಶಕದ ವೈರಿಂಗ್ ಮಾಡಿದ್ದೇನೆ, ಟೋನ್ ವೈರ್ ವಾಲ್ಯೂಮ್‌ನ ನಡು ಕಾಲಿಗೆ. ವಾಲ್ಯೂಮ್ ಇಳಿಸಿದರೂ ಮೇಲಿನ ಸ್ವರಗಳ ಹೊಳಪು ಹೋಗುವುದಿಲ್ಲ.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಟೋನ್ ಕೆಪಾಸಿಟರ್ 0.022 ಮೈಕ್ರೋಫ್ಯಾರಡ್‌ನ ಐದು ರೂಪಾಯಿಯ ಫಿಲ್ಮ್ ಒಂದು, ಗೆಳೆಯ ಕೊಟ್ಟ ಎಣ್ಣೆ ತುಂಬಿದ ದುಬಾರಿಯದು ಒಂದು, ಎರಡನ್ನೂ ಸ್ವಿಚ್‌ಗೆ ಹಾಕಿ ಕಣ್ಣು ಮುಚ್ಚಿ ಕೇಳಿದೆ. ಬೆಲೆಯ ವ್ಯತ್ಯಾಸ ಕಿವಿಗೆ ಬರಲಿಲ್ಲ. ನೆಕ್‌ಗೆ 0.015 ಹಾಕಿದ್ದು ಮಾತ್ರ ಒಳ್ಳೇದಾಯಿತು, ಟೋನ್ ಇಳಿಸಿದಾಗ ಮಂಕಾಗುವುದು ಕಡಿಮೆ. ಆ ನಕಲಿ ಪಿಕಪ್‌ಗಳಿಗೆ ಮೇಣ ಹಾಕಿಯೂ ನೋಡಿದೆ. ಪ್ಯಾರಾಫಿನ್‌ಗೆ ಐದನೇ ಒಂದು ಪಾಲು ಜೇನುಮೇಣ, ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು 65 ಡಿಗ್ರಿ ದಾಟದ ಹಾಗೆ. ಗುಳ್ಳೆ ಬರುವುದು ನಿಲ್ಲುವವರೆಗೆ ಮುಳುಗಿಸಿಟ್ಟೆ. ಜೋರು ದನಿಯಲ್ಲಿ ಅವು ಕೊಡುತ್ತಿದ್ದ ಕಿರುಚಾಟ ನಿಂತಿತು, ಈಗ ತಮ್ಮನ ಗಿಟಾರ್‌ನಲ್ಲಿ ಚೆನ್ನಾಗೇ ನಡೆಯುತ್ತಿವೆ.

ಗಣಪತಿ ಮಂಟಪದ ಸ್ಪೀಕರ್‌ಗಳ ಮುಂದೆ ಸೆಮಿ-ಹಾಲೋ ಊಳಿಡುತ್ತೆ ಅನ್ನೋದು ನಿಜ. ಎರಡೂ ಎಫ್-ಹೋಲ್‌ಗೆ ಕಪ್ಪು ಫೋಮ್ ತುಂಡು ತುರುಕಿದೆ. ಪೂರ್ತಿ ಬಿಗಿಯಾಗಿ ತುರುಕಿದರೆ ದನಿ ಸತ್ತ ಹಾಗಾಗುತ್ತೆ. ವೈರಿಂಗ್ ಇರುವ ಕಡೆಯದನ್ನು ಅರ್ಧ ಬಿಟ್ಟಿದ್ದೇನೆ, ಅಷ್ಟರಲ್ಲೇ ಊಳು ನಿಂತಿದೆ. ಹೊರಗೆ ಧೋ ಅಂತ ಮಳೆ, ತಗಡಿನ ಶೆಡ್ಡು, ಮೈಯೆಲ್ಲ ಥಂಡಿ, ಅಂಥ ರಾತ್ರಿಗಳಲ್ಲೂ ತೋಳು ಎಳೆದು ಎಳೆದು ನುಡಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ಕೀಬೋರ್ಡಿನವರು ಟ್ಯೂನರ್ ಹಚ್ಚಿ ತಾವೇ ಪರೀಕ್ಷೆ ಮಾಡಿದರು. ಜಿ ಮಾತ್ರ ಕೂದಲೆಳೆ ಇಳಿದಿತ್ತು, ಉಳಿದವು ಇದ್ದಲ್ಲೇ.

ಒಟ್ಟು ಖರ್ಚು ಗಿಟಾರ್ ಸೇರಿ 70 ಸಾವಿರದ ಹತ್ತಿರ, ಅದರಲ್ಲಿ 9 ಆ ನಕಲಿಗೆ ಹೋದದ್ದು. ಪ್ಲೇಟ್ ಮಾಡಿಸುವವರು ಮೊದಲು ನಿಮ್ಮ ಬುಷ್ ಯಾವುದು ನೋಡಿ. ಏಷ್ಯಾದಲ್ಲಿ ಮಾಡಿದ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಎಂ8 ಮಿಲಿಮೀಟರ್ ಥ್ರೆಡ್, ಅಮೆರಿಕದವುಗಳಲ್ಲಿ 5/16 ಇಂಚಿನ ಥ್ರೆಡ್. ಕೈಯಲ್ಲಿ ತಿರುಗಿಸಿದರೆ ಒಂದೆರಡು ಸುತ್ತು ಎರಡೂ ಹೋಗುತ್ತವೆ. ಸ್ಪ್ಯಾನರ್ ಹಾಕಿ ಬಿಗಿದರೆ ಬುಷ್ ಕೆಡುತ್ತೆ. ನಿಮ್ಮ ಹಳೇ ಸ್ಟಡ್ಡನ್ನೇ (ಬುಷ್‌ಗೆ ತಿರುಗಿಸುವ ಸ್ಕ್ರೂ) ಉದ್ಯಮಬಾಗ್‌ಗೆ ತಗೊಂಡು ಹೋಗಿ, ಅವರು ಗೇಜ್ ಹಚ್ಚಿ ನಿಂತಲ್ಲೇ ಹೇಳುತ್ತಾರೆ.