ಸ್ಟ್ರೆಂತ್ 85, ಕ್ವಾಲಿಟಿ ಸೊನ್ನೆ: ಹಳೆಯ ಡಿಶ್‌ನಲ್ಲಿ ವಿದೇಶಿ ಚಾನೆಲ್

60 ಸೆಂ.ಮೀ. ಸೆಕೆಂಡ್‌ಹ್ಯಾಂಡ್ ಆಫ್‌ಸೆಟ್ ಡಿಶ್, ಅಂದರೆ ಸಿಗ್ನಲ್ ಹಿಡಿಯುವ ಭಾಗ ನಡುವೆ ಇರದೆ ಕೆಳಗಡೆ ಇರುವಂಥದ್ದು. ರಿಸೀವರ್‌ನಲ್ಲಿ ಸ್ಟ್ರೆಂತ್ 85 ತೋರಿಸುತ್ತಿತ್ತು, ಕ್ವಾಲಿಟಿ ಮಾತ್ರ ಸೊನ್ನೆ. ಚಾನೆಲ್ ಒಂದೂ ಇಲ್ಲ.

ಕೇಬಲ್ ಬದಲಿಸಿದೆ, ಕನೆಕ್ಟರ್ ಹೊಸದು ಹಾಕಿದೆ, ಫ್ಯಾಕ್ಟರಿ ರೀಸೆಟ್ ಮಾಡಿದೆ. ಬ್ಲೈಂಡ್ ಸ್ಕ್ಯಾನ್ (ರಿಸೀವರ್ ತಾನೇ ಎಲ್ಲಾ ಫ್ರೀಕ್ವೆನ್ಸಿ ಹುಡುಕುವುದು) ಅಂತೂ ಲೆಕ್ಕವಿಲ್ಲದಷ್ಟು ಸಲ. ಎಲ್ಲಾ ಸುಮ್ನೆ. ಎಲ್‌ಎನ್‌ಬಿಗೆ (ಡಿಶ್ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಕರೆಂಟ್ ಹೋಗುತ್ತಿದ್ದರೆ ಸಾಕು, ಡಿಶ್ ಎತ್ತ ನೋಡಿದರೂ ಸ್ಟ್ರೆಂತ್ ಬರುತ್ತದೆ. ನಂಬಬೇಕಾದದ್ದು ಕ್ವಾಲಿಟಿಯನ್ನು.

ತಪ್ಪು ಎರಡು ಕಡೆ ಇತ್ತು. ಮೊದಲನೆಯದು ಸೆಟ್ಟಿಂಗ್. ಎಲ್‌ಎನ್‌ಬಿ ಯೂನಿವರ್ಸಲ್ (ಕೆಯು ಬ್ಯಾಂಡ್‌ನ ಮಾಮೂಲಿ ಬಗೆ) ಆಗಿದ್ದರೆ ರಿಸೀವರ್ ಮೆನುವಿನಲ್ಲಿ ಎಲ್‌ಒ (ಎಲ್‌ಎನ್‌ಬಿಯ ಒಳಗಿನ ಫ್ರೀಕ್ವೆನ್ಸಿ) 9750/10600 ಇಡಿ, ಈ ಎರಡರ ನಡುವೆ ಬದಲಿಸುವ 22 ಕಿಲೋಹರ್ಟ್ಸ್ ಆಟೋದಲ್ಲಿರಲಿ. ನನ್ನದರಲ್ಲಿ ದೊಡ್ಡ ಡಿಶ್‌ಗಳ ಸಿ ಬ್ಯಾಂಡ್‌ನ 5150 ಇತ್ತು!

ಎರಡನೆಯದು ಕೋನ. ಆಫ್‌ಸೆಟ್ ಡಿಶ್ ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಜಾಸ್ತಿ ಮೇಲಕ್ಕೆ ನೋಡುತ್ತದೆ. ನಾನು ಆಕಾಶಕ್ಕೆ ಮುಖ ಮಾಡಿ ಇಟ್ಟಿದ್ದೆ. ಹಿಂದಿನ ಬ್ರಾಕೆಟ್ಟಿನ ಗುರುತು ನೋಡಿ ಎತ್ತರ ಸರಿಪಡಿಸಿದೆ. ಕಂಬ ನೆಟ್ಟಗಿಲ್ಲದಿದ್ದರೆ ಆ ಗುರುತಿಗೆ ಬೆಲೆಯಿಲ್ಲ, ಮೊದಲು ಮಟ್ಟ ನೋಡಿಕೊಳ್ಳಿ.

ಆಮೇಲೆ ನಿಮಗೆ ಬೇಕಾದ ಉಪಗ್ರಹದ ಜೋರಾದ ಒಂದು ಟ್ರಾನ್ಸ್‌ಪಾಂಡರ್‌ನ (ಚಾನೆಲ್‌ಗಳನ್ನು ಕಳಿಸುವ ಅದರ ಒಂದು ಪ್ರಸಾರಕ) ಫ್ರೀಕ್ವೆನ್ಸಿ, ಪೋಲರೈಸೇಶನ್ (ಅಲೆಯ ದಿಕ್ಕು), ಸಿಂಬಲ್ ರೇಟ್ (ಡೇಟಾ ವೇಗ) ಕೈಯಲ್ಲೇ ಹಾಕಿ. ಆ ಪರದೆ ಬಿಟ್ಟು ಹೊರಬರಬೇಡಿ. ಡಿಶ್ ಅನ್ನು ಪಕ್ಕಕ್ಕೆ ಒಂದು ಡಿಗ್ರಿ ತಿರುಗಿಸಿ, ಮೂರು ಸೆಕೆಂಡ್ ನಿಲ್ಲಿ, ಮತ್ತೆ ಒಂದು ಡಿಗ್ರಿ. ಈ ಅಳತೆಯ ಡಿಶ್‌ಗೆ ಸಿಗುವ ಜಾಗವೇ ಸುಮಾರು 3 ಡಿಗ್ರಿ, ರಿಸೀವರ್ ಸಿಗ್ನಲ್ ಹಿಡಿದು ಲಾಕ್ ಆಗುವುದೂ ನಿಧಾನ. ಸರಸರ ತಿರುಗಿಸಿದರೆ ದಾಟಿಹೋಗುತ್ತದೆ.

ಕ್ವಾಲಿಟಿ 40 ಬಂತು. ನಟ್ಟು ಅರ್ಧ ಬಿಗಿ ಮಾಡಿ, ಎಲ್‌ಎನ್‌ಬಿಯನ್ನು ಹಿಡಿಕೆಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿದೆ. 68 ಆಯಿತು. ಸ್ಕ್ಯಾನ್ ಮಾಡಿದ್ದು ಆಗ.