ಮಡಿಕೇರಿ ಸಂತೆ ದಿನ ಕಾರು ನಿಲ್ಲಿಸುವ ನನ್ನ ಉಪಾಯ

ಸುಂಟಿಕೊಪ್ಪದಿಂದ ಮಡಿಕೇರಿಗೆ ಹೋಗುವುದು ದೊಡ್ಡ ವಿಷಯವಲ್ಲ. ಶುಕ್ರವಾರ, ಅಂದರೆ ಸಂತೆ ದಿನ, ಅಲ್ಲಿ ಕಾರು ನಿಲ್ಲಿಸುವುದೇ ದೊಡ್ಡ ವಿಷಯ. ಹೋದ ತಿಂಗಳು ಅಮ್ಮನನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಸುಮ್ನೆ ಸುತ್ತಿದೆ. ಕೊನೆಗೆ ಒಂದು ಪೇ ಪಾರ್ಕಿಂಗ್ ಸಿಕ್ಕಿತು. ಆದರೆ ಜಡಿಮಳೆ, ನೆಟ್‌ವರ್ಕ್ ಇಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಚಕ್ರ ತಿರುಗುತ್ತಲೇ ಇತ್ತು. ಹಿಂದೆ ನಾಲ್ಕು ಕಾರಿನ ಹಾರ್ನ್. ಚೀಟಿ ಕೊಡುವ ಹುಡುಗ ಕೊಡೆ ಓರೆ ಮಾಡಿ, "ಚಿಲ್ಲರೆ ಇಲ್ವಾ ಸರ್?" ಅಂದ. ಅಮ್ಮನ ಎಲೆಅಡಿಕೆ ಚೀಲದಿಂದ ನಾಣ್ಯ ಹೊರಬಂತು. ಮರ್ಯಾದೆ ಉಳಿಯಿತು.

ಈಗ ಹತ್ತು, ಇಪ್ಪತ್ತರ ನೋಟು, ನಾಣ್ಯ ಗೇರ್ ಪಕ್ಕದ ಡಬ್ಬಿಯಲ್ಲೇ ಇರುತ್ತವೆ. ಡೇಟಾ ಇಲ್ಲದಿದ್ದರೂ ಸಿಗ್ನಲ್ ಇದ್ದರೆ *99# ಒತ್ತಿ ಯುಪಿಐ ಮಾಡಬಹುದು. ನಿಧಾನ, ಆದರೆ ಆಗುತ್ತದೆ. ಚೀಟಿ ಕೊಟ್ಟ ಕೂಡಲೇ ಅದರ ಫೋಟೋ ತೆಗೆಯುತ್ತೇನೆ. ಮಳೆಯಲ್ಲಿ ಕಾಗದ ಮುದ್ದೆಯಾಗುತ್ತದೆ, ಅಲ್ವಾ?

ಜಾಗದ ಕಥೆ ಬೇರೆ. ಪೇಟೆಯೊಳಗೆ ನುಗ್ಗುವುದನ್ನೇ ಬಿಟ್ಟೆ. ಒಂಬತ್ತಕ್ಕೆ ಮೊದಲು ತಲುಪಿ, ಸಂತೆಯಿಂದ ದೂರ ನಿಲ್ಲಿಸಿ, ವಾಪಸ್ ಬರಲು ಆಟೋ ಹಿಡಿಯುತ್ತೇವೆ. ಅಮ್ಮನಿಗೆ ಇದೇ ಇಷ್ಟ, ತರಕಾರಿ ಚೀಲ ಹೊರುವುದಿಲ್ಲ.

ಇಳಿಜಾರಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ. ಮೂತಿ ಮೇಲಿದ್ದರೆ ಫಸ್ಟ್ ಗೇರ್, ಕೆಳಗಿದ್ದರೆ ರಿವರ್ಸ್. ನಾನು ಚಕ್ರಕ್ಕೊಂದು ಕಲ್ಲೂ ಇಡುತ್ತೇನೆ. ಹೊರಡುವಾಗ ಅದನ್ನು ತೆಗೆಯಲು ಎರಡು ಸಲ ಮರೆತಿದ್ದೂ ಉಂಟು.