ಧಾನ್ಯ ಬಿಟ್ಟವರಿಗೂ ಮುಹಲ್ಲಬಿಯಾ ಮಾಡಬಹುದು

ಚೀನಾದ ತಾವೊ ಧರ್ಮ ಪದ್ಧತಿಯಲ್ಲಿ ಎಲ್ಲರ ಊಟವೂ ಒಂದೇ ಥರ ಇರುವುದಿಲ್ಲ. ಆದರೆ 'ಬಿಗು' ಎಂಬ ವ್ರತ ಪಾಲಿಸುವವರು ಧಾನ್ಯ ಮುಟ್ಟುವುದಿಲ್ಲ. ಈ ರೂಢಿ ತುಂಬಾ ಹಳೆಯದು. ಚೀನಾದ ಮಾವಾಂಗ್‌ದುಯಿಯಲ್ಲಿ 1973ರಲ್ಲಿ ಸಿಕ್ಕ ರೇಷ್ಮೆ ಬಟ್ಟೆ ಮೇಲಿನ ಪುರಾತನ ಬರಹಗಳಲ್ಲೂ ಇದರ ಮಾತಿದೆ.

ಮುಹಲ್ಲಬಿಯಾ ಅಂದರೆ ಅರಬ್ಬರ ಹಾಲಿನ ಪುಡ್ಡಿಂಗ್. ಅದಕ್ಕೆ ಹಾಲು, ಸಕ್ಕರೆ, ಜೊತೆಗೆ ಅಕ್ಕಿ ಹಿಟ್ಟು ಅಥವಾ ಕಾರ್ನ್‌ಫ್ಲೋರ್ ಬೇಕು. ಹಿಟ್ಟು ಎರಡೂ ಧಾನ್ಯದ್ದೇ, ಅಲ್ವಾ? ಅದರ ಬದಲು ಆರಾರೂಟ್ ಹಾಕಿ. ಅದು ಗೆಡ್ಡೆಯಿಂದ ಬರುವ ಹಿಟ್ಟು.

ಅರ್ಧ ಲೀಟರ್ ಬಾದಾಮಿ ಹಾಲಿಗೆ 4 ದೊಡ್ಡ ಚಮಚ ಆರಾರೂಟ್ ಸಾಕು. ಮೊದಲು ಸ್ವಲ್ಪ ತಣ್ಣನೆ ಹಾಲಲ್ಲಿ ಗಂಟಿಲ್ಲದಂತೆ ಕದಡಿಕೊಳ್ಳಿ. ಹಸುವಿನ ಹಾಲು ಬೇಡ, ಆರಾರೂಟ್ ಅದರಲ್ಲಿ ಲೋಳೆಯಾಗುತ್ತದೆ. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಸೌಟಿನ ಬೆನ್ನಿಗೆ ದಪ್ಪಗೆ ಅಂಟಿಕೊಂಡ ತಕ್ಷಣ ಇಳಿಸಿಬಿಡಿ. ಜಾಸ್ತಿ ಕುದಿಸಿದರೆ ಮತ್ತೆ ನೀರಾಗುತ್ತದೆ.

ಸಿಹಿಗೆ ನೆನೆಸಿ ರುಬ್ಬಿದ 7-8 ಖರ್ಜೂರವನ್ನು ಮೊದಲೇ ಹಾಲಿಗೆ ಸೇರಿಸಿ. ಬಿಳಿ ಬಣ್ಣ ಹೋಗಿ ತಿಳಿ ಕಂದು ಬರುತ್ತದೆ, ರುಚಿ ಮಾತ್ರ ಸೊಗಸು. ನಾನೊಮ್ಮೆ ಹಸಿ ಜೇನುತುಪ್ಪ ಕಲಸಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಬಟ್ಟಲ ತುಂಬಾ ತೆಳ್ಳನೆ ಗಂಜಿ! ಜೇನು ಪಿಷ್ಟವನ್ನು ಒಡೆಯುತ್ತದೆ. ಬೇಕಿದ್ದರೆ ತಿನ್ನುವಾಗ ಮೇಲೆ ಸುರಿಯಿರಿ.

ಕಿತ್ತಳೆ ಹೂವಿನ ನೀರು ಒಂದು ಸಣ್ಣ ಚಮಚ, ಒಲೆಯಿಂದ ಇಳಿಸಿದ ಮೇಲೆಯೇ. ಅದನ್ನು ಮಾತ್ರ ದಯವಿಟ್ಟು ಬಿಡಬೇಡಿ, ಮುಹಲ್ಲಬಿಯಾದ ಜೀವ ಆ ಘಮದಲ್ಲೇ ಇದೆ. ಫ್ರಿಜ್‌ನಿಂದ ತೆಗೆದು ಹಾಗೇ ಕೊಡಬೇಡಿ. ತಣ್ಣನೆಯದನ್ನು ದೂರ ಇಡುವವರಿಗೆ ಉಗುರುಬೆಚ್ಚಗೆ ಕೊಟ್ಟರೆ ಚೆನ್ನ. ಮೇಲೆ ಒಂದಿಷ್ಟು ಪಿಸ್ತಾ ಚೂರು.